ಚದುರಿದ ಜ್ಞಾನ, ಮುಕ್ತ ಮಾರುಕಟ್ಟೆ, ಸಾಮಾಜಿಕ ನ್ಯಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದ ಕಡೆಯೆಲ್ಲ ತಿರುತಿರುಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕಗ್ಗಂಟು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಉದಾಹರಣೆಗಳಲ್ಲಿ ಕಾಫಿ ಹೆಚ್ಚು ಕಾಣಿಸುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಸರ್ಕಾರವೇ ಎಲ್ಲವನ್ನೂ ಕೊಳ್ಳುವ ಕಾಲ, ಬೆಳೆಗಾರನೇ ಮಾರುವ ಕಾಲ, ಎರಡನ್ನೂ ಕಂಡ ಬೆಳೆ ಅದು.

## ಮೊದಲ ಪಾಠ

"ಚದುರಿದ ಜ್ಞಾನ" ಅಂದರೆ ಏನು? ರೈತನಿಗೆ ಗೊತ್ತಿರೋದು ಆಫೀಸರಿಗೆ ಗೊತ್ತಿರಲ್ಲ ಅನ್ನೋ ಹಳೇ ಮಾತೇ ತಾನೆ?

ಅರ್ಧ ಅದೇ. ರೋಬಸ್ಟಾ ಎಂಬ ಬಗೆಯ ಕಾಫಿಯ ಒಂದು ತೋಟ ತೆಗೆದುಕೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದಿಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಬಿದ್ದದ್ದು ಬರೀ 30 ಸೆಂಟ್ (ಇಂಚಿನ ನೂರರಲ್ಲಿ 30 ಪಾಲು) ಆದರೆ ಮೊಗ್ಗು ಅರ್ಧ ಬಿರಿದು ಅಲ್ಲೇ ಕಟ್ಟಿಹೋಗುತ್ತದೆ. ಹೂ ಅರಳಿದ ದಿನವೇ ಸುರಿದರೆ ಪರಾಗ ತೊಳೆದುಹೋಗುತ್ತದೆ. ಅದಾದ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು. ಗುಡ್ಡದ ಈಚೆ ಬಿದ್ದದ್ದು ಆಚೆ ಬಿದ್ದಿರುವುದಿಲ್ಲ. ಇವತ್ತೇ ಸ್ಪ್ರಿಂಕ್ಲರ್ ಹಾಕಬೇಕೋ, ಇನ್ನು ನಾಲ್ಕು ದಿನ ಮೋಡವನ್ನು ನಂಬಬೇಕೋ, ಕೆರೆಯ ನೀರು ಎಷ್ಟು ಎಕರೆಗೆ ಸಾಲುತ್ತದೆ, ಡೀಸೆಲ್ ಖರ್ಚು ಗಿಟ್ಟುತ್ತದೆಯೇ, ಇಷ್ಟೂ ಒಟ್ಟಿಗೆ ಗೊತ್ತಿರುವುದು ಆ ತೋಟದವರಿಗೆ ಮಾತ್ರ. ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಹಾಯೆಕ್ 1945ರ ಒಂದು ಪ್ರಬಂಧದಲ್ಲಿ ಇದನ್ನು ಆಯಾ ಹೊತ್ತಿನ, ಆಯಾ ಜಾಗದ ಜ್ಞಾನ ಎಂದು ಕರೆದು, ಸಮಾಜದ ಆರ್ಥಿಕ ಸಮಸ್ಯೆಯ ತಿರುಳೇ ಇದು ಎಂದರು.

ಉಳಿದ ಅರ್ಧ ಹೆಚ್ಚು ಮುಖ್ಯ. ಇದನ್ನು ಬರೆದು ಮೇಲಕ್ಕೆ ಕಳಿಸಲು ಆಗುವುದಿಲ್ಲ. ಕಣದ ಮೇಸ್ತ್ರಿ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣನ್ನು, ಮುಷ್ಟಿಯಲ್ಲಿ ಕುಲುಕಿ, ಒಳಗಿನ ಬೀಜ ಗಲಗಲ ಅನ್ನುವ ಸದ್ದು ಕೇಳಿ "ಇನ್ನೊಂದು ಬಿಸಿಲು ಬೇಕು" ಅನ್ನುತ್ತಾನೆ. ಆ ಸದ್ದಿಗೆ ಫಾರಂನಲ್ಲಿ ಕಾಲಂ ಇಲ್ಲ. ಬರೆದರೂ ಅರ್ಜಿ ಬೆಂಗಳೂರು ಮುಟ್ಟುವ ಹೊತ್ತಿಗೆ ಮೋಡ ಕವಿದಿರುತ್ತದೆ.

ಬೆಲೆ ಅಂದ್ರೆ ವ್ಯಾಪಾರಿ ಬಾಯಿಗೆ ಬಂದದ್ದು. ಅದರಲ್ಲಿ ಜ್ಞಾನ ಎಲ್ಲಿಂದ ಬಂತು?

1994ರ ಜೂನ್ ಕೊನೆಗೆ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಮಂಜು ಹೆಪ್ಪುಗಟ್ಟಿ ಗಿಡಗಳು ಸುಟ್ಟುಹೋದವು. ಕೆಲವೇ ವಾರದಲ್ಲಿ ನ್ಯೂಯಾರ್ಕ್ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಸಕಲೇಶಪುರದ ಬೆಳೆಗಾರನಿಗೆ ಬ್ರೆಜಿಲ್‌ನ ಹವೆ ತಿಳಿಯಬೇಕಾಗಿಲ್ಲ. ಬೆಲೆ ಏರಿದ್ದು ತಿಳಿದರೆ ಸಾಕು: ಉದುರಿದ ಹಣ್ಣನ್ನೂ ಹೆಕ್ಕಿಸುತ್ತಾನೆ, ಬಿಟ್ಟ ಮೂಲೆಗೂ ಗೊಬ್ಬರ ಹಾಕಿಸುತ್ತಾನೆ. ಅತ್ತ ಕಾಫಿಪುಡಿ ಮಾಡುವವರು ಬೆರೆಸುವ ಪ್ರಮಾಣ ಬದಲಿಸುತ್ತಾರೆ, ಕುಡಿಯುವವರಲ್ಲಿ ಕೆಲವರು ಚಹಾಕ್ಕೆ ತಿರುಗುತ್ತಾರೆ. ಯಾರೂ ಯಾರಿಗೂ ಹೇಳಿದ್ದಲ್ಲ. ಹಾಯೆಕ್ ಇದೇ ಮಾತಿಗೆ ತವರದ ಉದಾಹರಣೆ ಕೊಟ್ಟಿದ್ದರು: ತವರ ಯಾಕೆ ದುಬಾರಿಯಾಯಿತು ಎಂಬುದು ಬಳಸುವವರಿಗೆ ಬೇಕಿಲ್ಲ, ಮಿತವಾಗಿ ಬಳಸಬೇಕು ಎಂಬುದಷ್ಟೇ ಬೇಕು.

ವ್ಯಾಪಾರಿ ಬಾಯಿಗೆ ಬಂದದ್ದು ಹೇಳಬಹುದು, ನಿಜ. ಪಕ್ಕದ ವ್ಯಾಪಾರಿ ಇದ್ದಾಗ ಅದು ನಿಲ್ಲುವುದಿಲ್ಲ. ಒಬ್ಬನೇ ಇದ್ದಾಗ ನಿಲ್ಲುತ್ತದೆ. ಆಗ ಆ ಬೆಲೆ ಜಗತ್ತಿನ ಸುದ್ದಿಯಲ್ಲ, ಅವನ ಹಿಡಿತದ ಸುದ್ದಿ.

ಇದಕ್ಕೆ ಅಳೆದು ನೋಡಿದ ಸಾಕ್ಷಿ ಇದೆಯೇ, ಬರೀ ತತ್ವವೇ?

ಇದೆ, ಅದೂ ನಮ್ಮ ಪಕ್ಕದಲ್ಲೇ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಯ ಮತ್ತಿ ಮೀನಿನ ವ್ಯಾಪಾರವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮಂಗಳೂರು ಕಡೆ ಬೂತಾಯಿ ಅನ್ನುವ ಮೀನು ಅದು. ದೋಣಿಯವರು ತಮ್ಮೂರ ಕಡಲತೀರಕ್ಕೇ ಬಂದು ಮಾರುತ್ತಿದ್ದರು. 1997ರ ಜನವರಿ 14ರಂದು ವಡಗರದಲ್ಲಿ 11 ಮಂದಿ ಕೊಳ್ಳುವವರಿಲ್ಲದೆ ಮೀನು ಎಸೆದರು. ಅದೇ ಬೆಳಿಗ್ಗೆ 15 ಕಿಲೋಮೀಟರ್ ಒಳಗಿನ ಬೇರೆ ತೀರಗಳಲ್ಲಿ 27 ಮಂದಿ ಮೀನು ಸಿಗದೆ ಬರಿಗೈಲಿ ಹೊರಟಿದ್ದರು. 1997ರಿಂದ 2001ರ ನಡುವೆ ಮೊಬೈಲ್ ಟವರ್‌ಗಳು ಬಂದವು. ದಡದಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಕಡಲೊಳಗೂ ಸಿಗ್ನಲ್ ಸಿಗುತ್ತಿತ್ತು, ದೋಣಿಯಿಂದಲೇ ರೇಟು ವಿಚಾರಿಸುವುದು ಶುರುವಾಯಿತು. ಶೇ 5ರಿಂದ 8ರಷ್ಟು ಹಾಳಾಗುತ್ತಿದ್ದ ಮೀನು ಹೆಚ್ಚುಕಡಿಮೆ ಪೂರ್ತಿ ಬಳಕೆಗೆ ಬಂತು. ಮೀನುಗಾರರ ಲಾಭ ಸುಮಾರು ಶೇ 8 ಏರಿತು, ಗಿರಾಕಿ ಕೊಡುವ ಬೆಲೆ ಸುಮಾರು ಶೇ 4 ಇಳಿಯಿತು.

ಇದರಿಂದ ಎಲ್ಲ ಕಡೆ ಫೋನ್ ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಅಲ್ಲಿ ದೋಣಿಯವರು ಯಾವ ತೀರಕ್ಕಾದರೂ ಹೋಗಬಹುದಿತ್ತು. ಸಾಲ ಕೊಟ್ಟ ಮಂಡಿಯವನಿಗೇ ಬೆಳೆ ಹಾಕಬೇಕಾದ ರೈತನಿಗೆ ಹತ್ತೂರಿನ ರೇಟು ಗೊತ್ತಾದರೂ ಪ್ರಯೋಜನ ಕಡಿಮೆ.

ಈ ಹಾಯೆಕ್ ಯಾರು? ನಮಗೂ ಅವರಿಗೂ ಏನಾದರೂ ನಂಟಿದೆಯೇ?

ಹುಟ್ಟಿದ್ದು ವಿಯೆನ್ನಾದಲ್ಲಿ, 1899. 1931ರಿಂದ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಪಾಠ, 1950ರಿಂದ ಶಿಕಾಗೋ. 1974ರ ನೊಬೆಲ್ ಅವರಿಗೂ ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್‌ಗೂ ಒಟ್ಟಿಗೆ ಬಂತು. ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆಳೆಯುವ ಜೋಡಿ. 1992ರಲ್ಲಿ ತೀರಿಕೊಂಡರು.

ನಂಟು ಇದೆ. ಆಗಿನ ದಕ್ಷಿಣ ಕೆನರಾ ಜಿಲ್ಲೆಯಲ್ಲಿ ಹುಟ್ಟಿದ ಬಿ.ಆರ್. ಶೆಣೈ ಅದೇ ಲಂಡನ್ ಸ್ಕೂಲಿನಲ್ಲಿ ಓದಿದವರು. ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ಕೊಡಲು ಕೂಡಿದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಕೊರತೆ ಹಣಕಾಸು (ಆದಾಯ ಮೀರಿದ ಖರ್ಚಿಗೆ ಸರ್ಕಾರ ಹೊಸ ಹಣ ಸೃಷ್ಟಿಸುವುದು) ಮತ್ತು ಕಂಟ್ರೋಲ್‌ಗಳ ಬಗ್ಗೆ ಅವರು ಎಚ್ಚರಿಸಿದ್ದರು. 1957ಕ್ಕೆ ದೇಶ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿತು.

ಮುಕ್ತ ಮಾರುಕಟ್ಟೆ ಅಂದ್ರೆ ಸರ್ಕಾರವೇ ಬೇಡ ಅಂತಲೇ?

ಅಲ್ಲ. ವಿಷದ ವಸ್ತುಗಳ ನಿಷೇಧ, ಕೆಲಸದ ಗಂಟೆಗೆ ಮಿತಿ, ಕಾರ್ಖಾನೆಯ ನೈರ್ಮಲ್ಯ, ಇವೆಲ್ಲ ಪೈಪೋಟಿಗೆ ಅಡ್ಡಿಯಲ್ಲ ಎಂದು ಹಾಯೆಕ್ 1944ರಲ್ಲೇ ಬರೆದಿದ್ದಾರೆ. ಕಾಡು ಕಡಿದರೆ, ಕಾರ್ಖಾನೆ ಹೊಗೆ ಬಿಟ್ಟರೆ ಆಗುವ ಹಾನಿ ಮಾಲೀಕನಿಗೆ ಮಾತ್ರ ತಟ್ಟುವುದಿಲ್ಲ, ಅಲ್ಲಿ ಬೆಲೆ ಕೆಲಸ ಮಾಡದು ಎಂದೂ ಹೇಳಿದ್ದಾರೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನು ಹಳ್ಳಕ್ಕೆ ಬಿಟ್ಟು ತಯಾರಾದ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಬೆಲೆಯಲ್ಲಿ ಕೆಳಗಿನ ಊರಿನ ಸತ್ತ ಮೀನಿನ ಲೆಕ್ಕ ಇರುವುದಿಲ್ಲ. ಅದಕ್ಕೆ ಕಾನೂನೇ ಬೇಕು.

## ಯೋಜನೆಯ ಜಗಳ

ಸೋವಿಯತ್ ಒಕ್ಕೂಟ 1961ರಲ್ಲೇ ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸಿತಲ್ಲ, ಎಲ್ಲವನ್ನೂ ಸರ್ಕಾರವೇ ತೀರ್ಮಾನಿಸುವ ಯೋಜನೆ ಸೋತಿತು ಅಂತ ಹೇಗೆ ಹೇಳ್ತೀರಿ?

ಗುರಿ ಒಂದೇ ಆಗಿದ್ದು, ಎಷ್ಟು ಖರ್ಚಾದರೂ ಸರಿ ಅಂದರೆ ಆಜ್ಞೆಯಿಂದ ಬಹಳ ಸಾಧಿಸಬಹುದು. ತೊಡಕು ಬರುವುದು ಗುರಿಗಳು ಕೋಟಿಗಟ್ಟಲೆ ಇದ್ದಾಗ: ಯಾವ ಊರಿಗೆ ಯಾವ ಅಳತೆಯ ಎಷ್ಟು ಜೊತೆ ಚಪ್ಪಲಿ, ಅದಕ್ಕೆ ಚರ್ಮವೋ ರಬ್ಬರೋ?

ಸೋವಿಯತ್ ಅರ್ಥಶಾಸ್ತ್ರಜ್ಞರಾದ ನಿಕೊಲಾಯ್ ಶ್ಮೆಲ್ಯೋವ್ ಮತ್ತು ವ್ಲಾದಿಮಿರ್ ಪೊಪೋವ್ ದಾಖಲಿಸಿದ ಒಂದು ಪ್ರಸಂಗ ಇದು. ಮೋಲ್ ಎಂಬ, ಬಿಲ ತೋಡುವ ಸಣ್ಣ ಪ್ರಾಣಿಯ ಚರ್ಮಕ್ಕೆ ಸರ್ಕಾರ ಖರೀದಿ ದರ ಏರಿಸಿತು. ಬೇಟೆಗಾರರು ರಾಶಿ ರಾಶಿ ತಂದು ಹಾಕಿದರು. ಹದ ಮಾಡುವ ಕಾರ್ಖಾನೆಗಳಿಗೆ ಅಷ್ಟನ್ನು ತೂಗಿಸಲು ಆಗಲಿಲ್ಲ, ಚರ್ಮ ಗೋದಾಮಿನಲ್ಲೇ ಕೊಳೆಯಿತು. ದರ ಇಳಿಸಿ ಎಂದು ಇಲಾಖೆ ಕೇಳಿಕೊಂಡರೂ ಬೆಲೆ ಸಮಿತಿಗೆ ಪುರುಸೊತ್ತಿಲ್ಲ, ಯಾಕೆಂದರೆ ಅದರ ಕೈಯಲ್ಲಿದ್ದ ಬೆಲೆಗಳು 2 ಕೋಟಿಗೂ ಮೀರಿ. ಸಂತೆಯಲ್ಲಿ ಸಂಜೆಯೊಳಗೆ ಆಗುವ ತಿದ್ದುಪಡಿ ಅದು.

ಬೆಲೆಯಿಲ್ಲದೆ ಲೆಕ್ಕ ಹಾಕುವುದು ಹೇಗೆ ಎಂದು ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸಸ್ 1920ರಲ್ಲೇ ಕೇಳಿದ್ದರು. ಪೋಲೆಂಡಿನ ಅರ್ಥಶಾಸ್ತ್ರಜ್ಞ ಆಸ್ಕರ್ ಲಾಂಗೆ 1936–37ರಲ್ಲಿ ಜಾಣ ಉತ್ತರ ಕೊಟ್ಟರು: ಯೋಜನಾ ಮಂಡಳಿ ಒಂದು ಬೆಲೆ ಕಟ್ಟಲಿ, ಸರಕು ಸಾಲದಿದ್ದರೆ ಏರಿಸಲಿ, ಮಿಕ್ಕರೆ ಇಳಿಸಲಿ. ಹಾಯೆಕ್‌ರ ಮರುತ್ತರ ಅಷ್ಟೇ ಹರಿತ. ಮಂಡಳಿ ಏರಿಸಿ ಇಳಿಸುವ ಹೊತ್ತಿಗೆ ಪರಿಸ್ಥಿತಿ ಬದಲಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅತಿ ಅಗ್ಗವಾಗಿ ಮಾಡುವ ದಾರಿ ಯಾವುದು ಎಂಬುದು ಮೊದಲೇ ಯಾರ ಬಳಿಯೂ ಇರುವುದಿಲ್ಲ. ಪೈಪೋಟಿಯಲ್ಲಿ ಮೈ ನೋಯಿಸಿಕೊಂಡೇ ಅದನ್ನು ಕಂಡುಕೊಳ್ಳಬೇಕು.

ಕಾಫಿ ಬೋರ್ಡ್ ಪೂಲ್ ಇದ್ದಾಗ ಬೆಳೆಗಾರರಿಗೆ ನೆಮ್ಮದಿ ಇತ್ತು ಅಂತಾರೆ. ತೆಗೆದದ್ದು ಸರಿಯೇ?

ಪೂಲ್ ಹುಟ್ಟಿದ್ದಕ್ಕೆ ಒಳ್ಳೆ ಕಾರಣವೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಗಿರಾಕಿಗಳು ಕೈತಪ್ಪಿದರು. 1942ರ ಕಾಯ್ದೆಯಡಿ, ಮನೆಬಳಕೆಗೂ ಬೀಜಕ್ಕೂ ಬಿಟ್ಟು ಉಳಿದ ಕಾಫಿಯನ್ನೆಲ್ಲ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಹಸನು ಮಾಡುವ ಕಾರ್ಖಾನೆ) ಮೂಲಕ ಬೋರ್ಡಿಗೆ ಒಪ್ಪಿಸಬೇಕಾಯಿತು. ತಾನೇ ಮಾರಿದರೆ ಅಪರಾಧ. ಬೋರ್ಡ್ ಎಲ್ಲರದನ್ನೂ ಸೇರಿಸಿ ಮಾರಿ, ದುಡ್ಡನ್ನು ಕಂತುಗಳಲ್ಲಿ ಹಂಚುತ್ತಿತ್ತು. ಕೊನೆ ಕಂತು ಬರುವ ಹೊತ್ತಿಗೆ ಮುಂದಿನ ಫಸಲು ಗಿಡದಲ್ಲಿರುತ್ತಿತ್ತು.

ಇಲ್ಲಿ ಕಳೆದುಹೋಗುತ್ತಿದ್ದದ್ದು ಸುದ್ದಿ. ಈಗ ಚೆರಿ ವ್ಯಾಪಾರ ಔಟ್‌ಟರ್ನ್ ಲೆಕ್ಕದಲ್ಲಿ ನಡೆಯುತ್ತದೆ. 50 ಕಿಲೋ ಮೂಟೆಯಲ್ಲಿ ಹೊಟ್ಟು ತೆಗೆದು ಎಷ್ಟು ಕಿಲೋ ಬೀಜ ಬರುತ್ತದೋ ಅದೇ ಓಟಿ. ಪಾಯಿಂಟಿಗೆ 300 ರೂಪಾಯಿ ಎಂದಿಟ್ಟುಕೊಂಡರೆ 26 ಓಟಿಯ ಮೂಟೆಗೆ 7,800, 28ಕ್ಕೆ 8,400. ಆ 600 ರೂಪಾಯಿ ಅಂತರ ಅದೇ ವಾರ ಕೈಗೆ ಬಂದರೆ, ಹಸಿರು ಕಾಯಿ ಸೇರಿಸಿ ಕೊಯ್ದದ್ದೋ ಕಣದಲ್ಲಿ ಅವಸರ ಮಾಡಿದ್ದೋ ತಪ್ಪಾಯಿತೆಂದು ಬೆಳೆಗಾರನಿಗೆ ತಿಳಿಯುತ್ತದೆ. ಪೂಲ್‌ನಲ್ಲೂ ಗುಣಕ್ಕೆ ಪಾಯಿಂಟ್ ಇತ್ತು. ಆದರೆ ಒಂದೂವರೆ ವರ್ಷ ಕಳೆದು ಬಂದ ಕಂತಿನಲ್ಲಿ ಯಾವ ಕಣದ ಯಾವ ತಪ್ಪು ಅಡಗಿದೆ ಎಂದು ಹುಡುಕುವವರು ಯಾರು?

1992ರಲ್ಲಿ ಒಂದು ಪಾಲನ್ನು ತಾವೇ ಮಾರಲು ಅವಕಾಶ ಸಿಕ್ಕಿ, 1996ರ ಹೊತ್ತಿಗೆ ಪೂರ್ತಿ ಬಿಡುಗಡೆ ಆಯಿತು. ಬ್ರೆಜಿಲ್ ಮಂಜಿನ ಬೆಲೆ ಕಂಡವರಿಗೆ ಅದು ಹಬ್ಬ. ನಂತರ ವಿಯೆಟ್ನಾಂ ಅಪಾರವಾಗಿ ಬೆಳೆದು 2001–02ಕ್ಕೆ ಬೆಲೆ ನೆಲಕಚ್ಚಿದಾಗ ತಡೆಗೋಡೆ ಇರಲಿಲ್ಲ. ನಮ್ಮ ಅಭಿಪ್ರಾಯ: ಬಿಡುಗಡೆ ಸರಿ, ಬರಿಗೈಲಿ ಬಿಟ್ಟದ್ದು ತಪ್ಪು. ಬೆಲೆ ಕುಸಿತಕ್ಕೆ ವಿಮೆ ಕಟ್ಟಿಕೊಡುವುದು ಬೇರೆ, ಬೆಲೆಯ ಬಾಯಿ ಮುಚ್ಚಿಸುವುದು ಬೇರೆ.

ಆಟೋ ದರ ಸರ್ಕಾರ ನಿಗದಿ ಮಾಡಿದೆ, ಆದ್ರೂ ಮಳೆ ಬಂದರೆ ಯಾರೂ ಮೀಟರ್ ಹಾಕಲ್ಲ. ತಪ್ಪು ಯಾರದು?

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18. ಹತ್ತು ಕಿಲೋಮೀಟರಿಗೆ 180. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅಂದರೆ 270. ಹೊತ್ತು ಬದಲಾದರೆ ದರವೂ ಬದಲಾಗಬೇಕೆಂದು ಸರ್ಕಾರವೇ ಒಪ್ಪಿದಂತಾಯಿತು. ಆದರೆ ಆ ದರಕ್ಕೆ ಗಡಿಯಾರ ಗೊತ್ತು, ಮಳೆ ಗೊತ್ತಿಲ್ಲ. ಸಂಜೆ 6ಕ್ಕೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಾಗ "ಒನ್ ಅಂಡ್ ಹಾಫ್ ಕೊಡಿ ಸಾರ್" ಅನ್ನುವ ಮಾತು ದುರಾಸೆಯೂ ಹೌದು, ಸುದ್ದಿಯೂ ಹೌದು.

ದರ ಕಟ್ಟಿದರೆ ಕೊರತೆ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ: "ಆ ಕಡೆ ಬರಲ್ಲ" ಅನ್ನುವ ರೂಪ. ಹಾಗೆಂದು ದರ ಬಿಟ್ಟುಬಿಟ್ಟರೆ ಜ್ವರದ ಮಗು ಹೊತ್ತ ತಾಯಿಗಿಂತ ಪಬ್‌ನಿಂದ ಹೊರಟವನಿಗೆ ಮೊದಲು ಆಟೋ ಸಿಗುತ್ತದೆ. ಮುಂದಿನ ಭಾಗದ ಜಗಳವೆಲ್ಲ ಇಲ್ಲಿಂದಲೇ ಹುಟ್ಟುವುದು.

## ನ್ಯಾಯದ ಮಾತು

ಹಾಯೆಕ್ ಸಾಮಾಜಿಕ ನ್ಯಾಯವನ್ನು ಮರೀಚಿಕೆ ಅಂದರಂತೆ. ಬಡವರ ವಿರೋಧಿಯೇ?

ಅಂದದ್ದು ನಿಜ, 1976ರಲ್ಲಿ. ವಾದ ಹೀಗಿದೆ: ನ್ಯಾಯ ಅನ್ಯಾಯ ಎಂಬ ಮಾತು ಮನುಷ್ಯರ ನಡತೆಗೆ ಸಲ್ಲುತ್ತದೆ. ಲಕ್ಷಾಂತರ ಜನರ ಕೊಡುಕೊಳೆಯಿಂದ ಯಾರೂ ಉದ್ದೇಶಿಸದೆ ಬಂದ ಫಲಕ್ಕೆ ಸಲ್ಲದು. ಬರ ಬಂದರೆ ನೋವಾಗುತ್ತದೆ, ಆದರೆ ಮೋಡ ಅನ್ಯಾಯ ಮಾಡಿತು ಅನ್ನುವುದಿಲ್ಲ.

ಬಡವರಿಗೆ ಏನೂ ಕೊಡಬೇಡಿ ಎಂದರೇ? ಇಲ್ಲ. ಅನ್ನ, ಬಟ್ಟೆ, ಸೂರಿನ ಕನಿಷ್ಠ ಭರವಸೆಯನ್ನು ಸಿರಿವಂತ ಸಮಾಜ ಎಲ್ಲರಿಗೂ ಕೊಡಬಹುದು, ಸಾಮಾಜಿಕ ವಿಮೆಗೆ ಸರ್ಕಾರ ನೆರವಾಗಬಹುದು ಎಂದು 1944ರಲ್ಲಿ ಬರೆದರು. ಮರೀಚಿಕೆ ಎಂದ ಅದೇ 1976ರ ಸಂಪುಟದಲ್ಲೂ ಕನಿಷ್ಠ ಆದಾಯವನ್ನು ಒಪ್ಪಿದರು. ಅವರ ತಕರಾರು ಯಾರ ದುಡಿಮೆ ಎಷ್ಟು ಬೆಲೆಬಾಳುತ್ತದೆ ಎಂದು ಒಂದು ಸಮಿತಿ ಕೂತು ತೀರ್ಮಾನಿಸುವುದರ ಮೇಲೆ. ಅವರನ್ನು ಉದ್ಧರಿಸಿ ರೇಷನ್ ಕಾರ್ಡ್ ರದ್ದು ಮಾಡಿ ಅನ್ನುವವರು ಅರ್ಧ ಓದಿರುತ್ತಾರೆ.

ದೊಡ್ಡ ಎದುರುವಾದವೂ ಇದೆ. ಬರವನ್ನು ತಡೆಯಲಾಗದು, ಸರಿ. ಆದರೆ ಒಂದು ಕಾನೂನಿನ ಫಲ ಯಾರ ಮೇಲೆ ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದು, ಬದಲಿಸುವ ಶಕ್ತಿಯೂ ಇದ್ದು, ಸುಮ್ಮನಿದ್ದರೆ ಅದು ಮೋಡದ ಮೇಲೆ ಹಾಕುವ ತಪ್ಪಲ್ಲ. ಈ ಏಟಿಗೆ ಹಾಯೆಕ್‌ರಲ್ಲಿ ತೃಪ್ತಿಯಾಗುವ ಉತ್ತರ ನಮಗೆ ಸಿಕ್ಕಿಲ್ಲ.

ಕಷ್ಟಪಟ್ಟವರಿಗೆ ಮಾರುಕಟ್ಟೆ ಪ್ರತಿಫಲ ಕೊಡುತ್ತೆ ಅಂತ ಹೇಳ್ತಾರಲ್ಲ?

ಆ ಮಾತನ್ನು ಹಾಯೆಕ್ ಒಪ್ಪುವುದಿಲ್ಲ. 1994ರಲ್ಲಿ ದುಪ್ಪಟ್ಟು ಬೆಲೆ ಪಡೆದ ಬೆಳೆಗಾರ ದುಪ್ಪಟ್ಟು ದುಡಿದಿರಲಿಲ್ಲ, 2002ರಲ್ಲಿ ಸಾಲಕ್ಕೆ ಬಿದ್ದವನು ಸೋಮಾರಿಯಾಗಿರಲಿಲ್ಲ. ಬೆಲೆ ಮುಂದೆ ಏನು ಮಾಡಬೇಕೆಂದು ಹೇಳುತ್ತದೆ, ಹಿಂದೆ ಮಾಡಿದ್ದಕ್ಕೆ ಅಂಕ ಕೊಡುವುದಿಲ್ಲ. ಜಾಣ್ಮೆಯೂ ಅದೃಷ್ಟವೂ ಬೆರೆತ ಆಟ ಇದು ಎಂದು ಅವರು ಬಿಚ್ಚಿಯೇ ಹೇಳಿದರು. ಹಾಗಿದ್ದರೆ ದುಡಿದರೆ ಫಲ ಉಂಟು ಎಂದು ಮಕ್ಕಳಿಗೆ ಕಲಿಸಬೇಕೇ ಎಂಬ ಇಕ್ಕಟ್ಟು ಅವರನ್ನೂ ಕಾಡಿತ್ತು.

ಹಸಿದವನ ಹತ್ರ ದುಡ್ಡೇ ಇಲ್ಲ ಅಂದ್ರೆ ಅವನ ಹಸಿವು ಬೆಲೆಗೆ ಹೇಗೆ ಗೊತ್ತಾಗುತ್ತೆ?

ಗೊತ್ತಾಗುವುದಿಲ್ಲ. ಈ ವಾದದ ದೊಡ್ಡ ಬಿರುಕು ಇದೇ. 1943ರ ಬಂಗಾಳ ಕ್ಷಾಮವನ್ನು ಅಮರ್ತ್ಯ ಸೇನ್ ಲೆಕ್ಕ ಹಾಕಿದಾಗ, ಆ ವರ್ಷದ ಅಕ್ಕಿ ಹಿಂದಿನ ಐದು ವರ್ಷದ ಸರಾಸರಿಗಿಂತ ಶೇ 5ರಷ್ಟು ಮಾತ್ರ ಕಡಿಮೆ. ಕ್ಷಾಮವಿರದ 1941ಕ್ಕಿಂತ ಶೇ 13 ಹೆಚ್ಚೇ ಇತ್ತು. ಯುದ್ಧದ ಖರ್ಚಿನಿಂದ ಕಲ್ಕತ್ತೆಯಲ್ಲಿ ಹಣ ಹರಿದು ಅಕ್ಕಿ ದುಬಾರಿಯಾಯಿತು. ಕೂಲಿಗಳು, ಮೀನುಗಾರರು, ಕ್ಷೌರಿಕರು ತಮ್ಮ ದುಡಿಮೆ ಕೊಟ್ಟು ಅಕ್ಕಿ ಕೊಳ್ಳಲಾರದೆ ಸತ್ತರು. ಅಕ್ಕಿ ತನ್ನ ಬೆಲೆ ಕೊಡುವವರ ಕಡೆ ಹೋಯಿತು. ಪರೀಕ್ಷೆ ಬರೆಯಲು ಹಾಲ್ ಟಿಕೆಟ್ ಬೇಕಿರುವ ಹಾಗೆ ಬೆಲೆಯಲ್ಲಿ ಮಾತಾಡಲು ಕೈಯಲ್ಲಿ ಕಾಸು ಬೇಕು. ಸೇನ್ ಮಾರುಕಟ್ಟೆ ಮುಚ್ಚಿ ಅನ್ನಲಿಲ್ಲ. ಕೊಳ್ಳುವ ಶಕ್ತಿ ಸತ್ತವರಿಗೆ ಅದನ್ನು ತುರ್ತಾಗಿ ಕೊಡಿ ಎಂದರು. ಕೂಲಿ ಕೆಲಸ ತೆಗೆದು ಹಣ ಕೊಡುವುದೂ ಅದರಲ್ಲೊಂದು.

ರಾಲ್ಸ್, ನೋಜಿಕ್ ಯಾವ ಕಡೆ?

ಇಬ್ಬರೂ ಅಮೆರಿಕದ ತತ್ವಜ್ಞಾನಿಗಳು. ಜಾನ್ ರಾಲ್ಸ್ (1971): ನೀವು ಯಾವ ಮನೆಯಲ್ಲಿ ಹುಟ್ಟುತ್ತೀರಿ ಎಂದು ಗೊತ್ತಿಲ್ಲದೆ ನಿಯಮ ಬರೆಯಿರಿ. ಅಂಥ ನಿಯಮದಲ್ಲಿ ಅಸಮಾನತೆ ಇರಬಹುದು, ಆದರೆ ಅತಿ ಕೆಳಗಿನವರಿಗೂ ಅದರಿಂದ ಒಳಿತಾಗಬೇಕು. ಇದು ಪ್ರತಿ ವ್ಯಾಪಾರಕ್ಕೂ ಅಲ್ಲ, ಸಮಾಜದ ಒಟ್ಟು ಕಟ್ಟಡಕ್ಕೆ. ಅದಕ್ಕೇ ತಮ್ಮಿಬ್ಬರ ವ್ಯತ್ಯಾಸ ಬಹುಪಾಲು ಮಾತಿನದು ಎಂದು ಹಾಯೆಕ್ ಬರೆದರು, ಇಬ್ಬರ ಅಭಿಮಾನಿಗಳಿಗೂ ಇರುಸುಮುರುಸು. ರಾಬರ್ಟ್ ನೋಜಿಕ್ (1974): ಜನ ಇಷ್ಟಪಟ್ಟು ತಲಾ 25 ಸೆಂಟ್ ಕೊಟ್ಟು ಬಾಸ್ಕೆಟ್‌ಬಾಲ್ ಆಟಗಾರನನ್ನು ಶ್ರೀಮಂತ ಮಾಡಿದರೆ ತಪ್ಪೆಲ್ಲಿ? ಆದರೆ ಮೂಲದಲ್ಲೇ ಕದ್ದ ಆಸ್ತಿಯಾದರೆ ಸರಿಪಡಿಸಬೇಕು ಎಂದು ಅದೇ ನೋಜಿಕ್ ಹೇಳಿದ್ದನ್ನು ಬಹಳಷ್ಟು ಮಂದಿ ಮರೆಯುತ್ತಾರೆ.

ಇದೆಲ್ಲ ಯುರೋಪಿನ ಮಾತು. ಜಾತಿ ಇರೋ ಕಡೆ ಮುಕ್ತ ಮಾರುಕಟ್ಟೆ ಅನ್ನೋದಕ್ಕೆ ಅರ್ಥ ಇದೆಯೇ?

ಜಾತಿ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. ಬೇಡಿಕೆ ಬೇರೆಡೆ ಇದ್ದರೂ ಹುಟ್ಟಿದ ಕಸುಬು ಬಿಡಲಾಗದು, ಅದರಿಂದ ನಿರುದ್ಯೋಗ ಎಂದೂ ತೋರಿಸಿದರು. ಚದುರಿದ ಜ್ಞಾನದ ಕಣ್ಣಿಂದ ನೋಡಿದರೆ ಜಾತಿಯೆಂಬುದು ಜ್ಞಾನಕ್ಕೆ ಹಾಕಿದ ಬೀಗ: ಚರ್ಮದ ಗುಣ ಬಲ್ಲವನಿಗೆ ಅಂಗಡಿ ಇಲ್ಲ, ಅಂಗಡಿ ಇದ್ದವನು ಚರ್ಮ ಮುಟ್ಟುವುದಿಲ್ಲ. ಹೋಟೆಲಿಟ್ಟರೆ ಯಾರ ಕೈಯಡುಗೆ ಎಂದು ವಿಚಾರಿಸುವ ಊರಿನಲ್ಲಿ ಬೆಲೆ ಸುಳ್ಳು ಹೇಳುತ್ತಿರುತ್ತದೆ.

ಹಾಗಾಗಿ ಇಲ್ಲಿ ಸಾಮಾಜಿಕ ನ್ಯಾಯ ಎಂದರೆ ಮೋಡದ ಮೇಲಿನ ದೂರಲ್ಲ. ಕೆರೆಗೆ ಬಿಡದವರು, ಜಮೀನು ಕೊಡದವರು ಮನುಷ್ಯರು. ಅವರ ನಡತೆಯ ಮೇಲಿನ ದೂರು ಹಾಯೆಕ್‌ರ ಅರ್ಥದಲ್ಲೂ ನ್ಯಾಯದ ದೂರೇ. ಸಂವಿಧಾನದ 1951ರ ಮೊದಲ ತಿದ್ದುಪಡಿಯಲ್ಲಿ ಬಂದ, ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಲು ಅವಕಾಶ ಕೊಡುವ 15(4)ನೇ ವಿಧಿಯನ್ನು ಹೀಗೆ ಓದಬಹುದು ಎಂಬುದು ನಮ್ಮ ಎಣಿಕೆ. ಹಾಗೆಂದು ಅಂಬೇಡ್ಕರ್ ಅವರನ್ನು ಮಾರುಕಟ್ಟೆವಾದಿ ಮಾಡಲು ಹೋಗಬೇಡಿ. ಮುಖ್ಯ ಉದ್ದಿಮೆಗಳೂ ಕೃಷಿಯೂ ಸರ್ಕಾರದ ಕೈಯಲ್ಲಿರಲಿ ಎಂದು 1947ರಲ್ಲಿ ಅವರು ಸ್ಪಷ್ಟವಾಗಿ ಕೇಳಿದ್ದರು.

ಅನ್ನಭಾಗ್ಯದಲ್ಲಿ ಅಕ್ಕಿ ಕೊಡೋದು ಒಳ್ಳೇದೋ ದುಡ್ಡು ಕೊಡೋದೋ?

ಕರ್ನಾಟಕ ಎರಡನ್ನೂ ಮಾಡಿ ನೋಡಿದೆ. 2023ರ ಜುಲೈನಿಂದ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಾಕಿದರು. 2025ರಲ್ಲಿ ಮತ್ತೆ ಅಕ್ಕಿಗೆ ಮರಳಿದರು. ದುಡ್ಡಿನ ಪರ ಇರುವ ವಾದ ಜ್ಞಾನದ್ದು: ಈ ತಿಂಗಳು ಬೇಕಾದದ್ದು ಅಕ್ಕಿಯೋ, ರಾಗಿಯೋ, ಮಾತ್ರೆಯೋ ಮನೆಯವರಿಗೇ ಗೊತ್ತು. ಅಕ್ಕಿಯ ಪರ ವಾದವೂ ಜ್ಞಾನದ್ದೇ: 170 ರೂಪಾಯಿ ಏರದೆ ನಿಂತಿರುತ್ತದೆ, ಅಂಗಡಿ ಅಕ್ಕಿ ನಿಲ್ಲುವುದಿಲ್ಲ. ಖಾತೆಗೆ ಬಂದ ಹಣ ಯಾರ ಕೈಗೆ ಹೋಗುತ್ತದೆ ಎಂಬುದು ಹೆಂಗಸರಿಗೆ ಚೆನ್ನಾಗಿ ಗೊತ್ತು. ಬ್ಯಾಂಕು ದೂರ, ನ್ಯಾಯಬೆಲೆ ಅಂಗಡಿ ಹತ್ತಿರ ಇರುವ ಕಡೆ ಅಕ್ಕಿಯೇ ವಾಸಿ.

ಹೆಚ್ಚು ಕೆಡುವುದು ಯಾರಿಗೆ ಕೊಡಬೇಕು ಎಂಬ ಪಟ್ಟಿಯಲ್ಲಿ. ವರ್ಷಕ್ಕೆ 1.2 ಲಕ್ಷದ ಆದಾಯ ಮಿತಿ, ಬಿಳಿ ಬೋರ್ಡ್ ನಾಲ್ಕು ಚಕ್ರದ ವಾಹನ ಇರಬಾರದು ಎಂಬಂಥ ಷರತ್ತುಗಳು ಮೇಲಿನಿಂದ ಕಾಣುವ ಗುರುತುಗಳು. ಹಳೇ ಮಾರುತಿ ನಿಂತಿದ್ದರೂ ಯಜಮಾನ ಹಾಸಿಗೆ ಹಿಡಿದಿರಬಹುದು, ಅದು ಗುರುತಿನಲ್ಲಿ ಇಲ್ಲ. ಬಡವರನ್ನು ಹೊರಗಿಟ್ಟ ತಪ್ಪು ಮೌನವಾಗಿರುತ್ತದೆ, ಉಳ್ಳವರನ್ನು ಸೇರಿಸಿದ ತಪ್ಪು ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೇ ಪಟ್ಟಿ ಬಿಗಿ ಮಾಡಿದಾಗಲೆಲ್ಲ ಮೊದಲನೇ ತಪ್ಪು ಬೆಳೆಯುತ್ತದೆ.

## ಕಗ್ಗಂಟುಗಳು

ಈಗ ಎಐ ಇದೆ, ಎಲ್ಲರ ಫೋನ್‌ನಿಂದ ಡೇಟಾ ಬರುತ್ತೆ. ಹಾಯೆಕ್ ವಾದ ಮುಗಿದ ಹಾಗೆ ಅಲ್ವೇ?

ಸಮೀಕರಣಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಎಂದು ಲಾಂಗೆಯೂ ತಮ್ಮ ಕೊನೆಗಾಲದಲ್ಲಿ ಬರೆದಿದ್ದರು. ಚಿಲಿಯಲ್ಲಿ ಅಯೆಂದೆ ಸರ್ಕಾರ 1971ರಿಂದ 73ರವರೆಗೆ ಬ್ರಿಟನ್ನಿನ ಸ್ಟಾಫರ್ಡ್ ಬಿಯರ್ ನೆರವಿನಿಂದ ಕಾರ್ಖಾನೆಗಳನ್ನು ಟೆಲೆಕ್ಸ್‌ನಲ್ಲಿ (ತಂತಿಯಲ್ಲಿ ಟೈಪ್ ಸಂದೇಶ ಕಳಿಸುವ ಯಂತ್ರ) ಬೆಸೆಯಿತು. 1972ರ ಅಕ್ಟೋಬರ್ ಲಾರಿ ಮುಷ್ಕರದಲ್ಲಿ ಉಳಿದ ಲಾರಿಗಳು ಎಲ್ಲಿವೆ ಎಂದು ಹುಡುಕಿ ಸರಕು ಸಾಗಿಸಲು ಅದು ನಿಜವಾಗಿ ನೆರವಾಯಿತು.

ಗಣನೆಯ ವೇಗ ಮಾತ್ರ ತೊಡಕಾಗಿದ್ದರೆ ವಾದ ಮುಗಿಯುತ್ತಿತ್ತು. ಇದ್ದದ್ದು ಬೇರೆ. ನೀವು ಕಾಫಿ ಬಿಟ್ಟು ಮೆಣಸು ಹಾಕುತ್ತೀರಾ ಎಂದು ಕೇಳಿದರೆ ಬೆಳೆಗಾರ ಏನೋ ಒಂದು ಹೇಳುತ್ತಾನೆ. ಬೆಲೆ ಎದುರಿಗಿದ್ದು, ಸೋತರೆ ತನ್ನದೇ ದುಡ್ಡು ಹೋಗುವಾಗ ಮಾಡುವುದು ಬೇರೆ. ಆ ಡೇಟಾ ನಿರ್ಧಾರಕ್ಕೆ ಮುಂಚೆ ಇರುವುದೇ ಇಲ್ಲ. ಯಂತ್ರ ಕಲಿಯುವುದೂ ಜನ ಈಗಾಗಲೇ ಕೊಟ್ಟು ಕೊಂಡ ಬೆಲೆಗಳಿಂದ.

ದೊಡ್ಡ ಕಂಪನಿಗಳ ಒಳಗೆ ನಡೆಯೋದು ಯೋಜನೆಯೇ ತಾನೆ?

ಹೌದು. ಮಾರುಕಟ್ಟೆಯಲ್ಲಿ ಪ್ರತಿಯೊಂದಕ್ಕೂ ಚೌಕಾಸಿ ಮಾಡುವ ಖರ್ಚು ಹೆಚ್ಚಾದ ಕಡೆ ಕಂಪನಿ ಹುಟ್ಟುತ್ತದೆ ಎಂದು ರೊನಾಲ್ಡ್ ಕೋಸ್ 1937ರಲ್ಲಿ ವಿವರಿಸಿದರು. ವ್ಯತ್ಯಾಸ ಹೊರಗಿನ ಗಾಳಿಯದು. ತಪ್ಪು ಯೋಜನೆ ಹಾಕಿದ ಕಂಪನಿ ಮುಳುಗಬಹುದು. ಒಂದೇ ಆ್ಯಪ್ ಊರಿಗೆಲ್ಲ ದರ ಕಟ್ಟುವಷ್ಟು ಬೆಳೆದರೆ ಆ ಗಾಳಿಯೂ ನಿಲ್ಲುತ್ತದೆ, ಆಗ ಅದಕ್ಕೂ ಬೆಲೆ ಸಮಿತಿಗೂ ದೂರ ಕಡಿಮೆ.

ಹಾಯೆಕ್ ಪಿನೊಚೆ ಸರ್ವಾಧಿಕಾರವನ್ನು ಬೆಂಬಲಿಸಿದ್ರು ಅನ್ನೋದು ನಿಜವೇ?

1977ರಲ್ಲೂ 1981ರಲ್ಲೂ ಪಿನೊಚೆ ಆಳುತ್ತಿದ್ದ ಚಿಲಿಗೆ ಹೋಗಿದ್ದರು. ಉದಾರತೆ (ವ್ಯಕ್ತಿ ಸ್ವಾತಂತ್ರ್ಯಕ್ಕೆ ಎಡೆ ಕೊಡುವ ನೀತಿ) ಇಲ್ಲದ ಪ್ರಜಾಪ್ರಭುತ್ವಕ್ಕಿಂತ ಉದಾರ ಸರ್ವಾಧಿಕಾರಿಯೇ ತನಗೆ ಮೇಲು ಎಂಬರ್ಥದ ಮಾತನ್ನು 1981ರಲ್ಲಿ ಅಲ್ಲಿನ ಪತ್ರಿಕೆಗೆ ಹೇಳಿದರು. ಸಮರ್ಥನೆಗೆ ನಿಲ್ಲದ ಮಾತು. ಜ್ಞಾನ ಒಬ್ಬನ ತಲೆಯಲ್ಲಿ ಕೂರದು ಎಂದು ಜೀವನವಿಡೀ ವಾದಿಸಿದವರು ಬಾಯಿ ಕಟ್ಟಿದ ದೇಶದಲ್ಲಿ ಹಾಗೆ ಹೇಳಿದ್ದು ಅವರದೇ ವಾದಕ್ಕೆ ಹೊಡೆತ.

ಕಾಫಿ ಬೆಲೆ ದಾಖಲೆ ಮುಟ್ಟಿತು. ಲೈನ್ ಮನೆಯವರ (ತೋಟದ ಸಾಲುಮನೆಗಳಲ್ಲಿರುವ ಆಳುಗಳ) ಕೂಲಿ ಯಾಕೆ ಅಷ್ಟು ಏರಲಿಲ್ಲ?

2024ರಲ್ಲಿ ವಿಯೆಟ್ನಾಂ, ಬ್ರೆಜಿಲ್‌ಗಳ ಒಣ ಹವೆಯಿಂದ ರೋಬಸ್ಟಾ ದಾಖಲೆ ಬೆಲೆ ಕಂಡಿತು. ಕೂಲಿ ಕಾಫಿ ಬೆಲೆಯನ್ನು ನೇರ ಹಿಂಬಾಲಿಸುವುದಿಲ್ಲ. ಆಳು ಎಷ್ಟು ಸಿಗುತ್ತಾರೆ, ಅವರಿಗೆ ಬೇರೆಡೆ ಎಷ್ಟು ಸಿಗುತ್ತದೆ, ಸರ್ಕಾರದ ಕನಿಷ್ಠ ಕೂಲಿ ಎಷ್ಟು ಎಂಬುದರ ಮೇಲೆ ನಿಲ್ಲುತ್ತದೆ. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದ ದರ ಏರುತ್ತದೆ, ಯಾಕೆಂದರೆ ಹಣ್ಣು ಕಾಯುವುದಿಲ್ಲ, ಪಕ್ಕದ ತೋಟದವನೂ ಆಳು ಹುಡುಕುತ್ತಿರುತ್ತಾನೆ. ಅಸ್ಸಾಂನಿಂದ ಬಂದ ತಂಡಕ್ಕೂ ಈಗ ಫೋನ್‌ನಲ್ಲೇ ಮುಂದಿನ ತೋಟದ ರೇಟು ತಿಳಿಯುತ್ತದೆ.

ಅಸಮತೋಲ ಇರುವುದು ಬೇರೆಡೆ. 2001–02ರಂಥ ಕುಸಿತದಲ್ಲಿ ಕಪಾತು, ಗೊಬ್ಬರದ ಕೆಲಸ ನಿಂತು ಆಳಿನ ದಿನಗಳು ಮೊದಲು ಕಡಿತವಾಗುತ್ತವೆ. ನಷ್ಟ ಕೆಳಗೆ ಬೇಗ ಇಳಿಯುತ್ತದೆ, ಲಾಭ ನಿಧಾನ. 1951ರ ತೋಟಗಾರಿಕಾ ಕಾರ್ಮಿಕ ಕಾಯ್ದೆ ದೊಡ್ಡ ತೋಟಗಳ ಮೇಲೆ ಮನೆ, ವೈದ್ಯ, ಶಿಶುವಿಹಾರದ ಹೊಣೆ ಹೊರಿಸಿತು. ಲಾಭದಲ್ಲಿ ಪಾಲು ಕೊಡುವ ದಾರಿ ಬೋನಸ್. 1965ರ ಕಾಯ್ದೆ ಹಾಕಿಕೊಟ್ಟ ಲೆಕ್ಕದಲ್ಲಿ ಕೂಲಿಯ ಕನಿಷ್ಠ ಶೇ 8.33, ಗರಿಷ್ಠ ಶೇ 20, ವರ್ಷದಲ್ಲಿ 30 ದಿನ ದುಡಿದವರಿಗೂ ಸಲ್ಲುತ್ತದೆ. ಯಾವ ಬೆಲೆಯನ್ನೂ ಅದು ಮುಟ್ಟುವುದಿಲ್ಲ. ಕೈತಪ್ಪುವುದು ಹಾಜರಿ ಪುಸ್ತಕದಲ್ಲಿ: ಗುತ್ತಿಗೆ ಮೇಸ್ತ್ರಿಯ ತಂಡವನ್ನು "ಆಳು 14" ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ, ಆ ಹದಿನಾಲ್ಕರಲ್ಲಿ ಯಾರು 30 ದಿನ ಮುಗಿಸಿದರು ಎಂದು ತೋರಿಸಲು ಯಾರ ಬಳಿಯೂ ಕಾಗದ ಇರುವುದಿಲ್ಲ.